ಇನ್ನೆಷ್ಟು ಸಮಯ ಈ ಮದ್ದು?

ನಮ್ಮ ಕಾಸರಗೋಡಿನ ಕಡೆ ಮದುವೆಗೋ ಉಪನಯನಕ್ಕೋ ಹೋದರೆ ಊಟ ಮುಗಿಸಿ ಕೈ ತೊಳೆಯುವ ಜಾಗದಲ್ಲಿ ಯಾರಾದರೂ ಒಬ್ಬರು ನನ್ನನ್ನು ಹಿಡಿದೇ ಹಿಡಿಯುತ್ತಾರೆ. "ಸೊಂಟ ಈಗ ಹೇಗುಂಟು?" "ಆರಾಮ ಉಂಟು ಮಾವ." "ಹಾಗಾದ್ರೆ ಆ ಇಂಜೆಕ್ಷನ್ ನಿಲ್ಲಿಸಿದ್ಯಾ?" "ಇಲ್ಲ, ನಡೀತಾ ಉಂಟು." "ಇನ್ನೆಷ್ಟು ಸಮಯ ಅಂತೆ?" ಇಲ್ಲಿಗೆ ಬರುವಾಗ ನನ್ನ ಬಾಯಿ ಕಟ್ಟುತ್ತದೆ. ಗೊತ್ತಿಲ್ಲ ಎಂದರೆ ಡಾಕ್ಟರ್ ಸರಿ ಇಲ್ಲ ಎಂದು ತೀರ್ಮಾನವಾಗುತ್ತದೆ. ಜೀವನಪೂರ್ತಿ ಬೇಕಾಗಬಹುದು ಎಂದರೆ ಮಾವನ ಮುಖ ಸಣ್ಣದಾಗುತ್ತದೆ. ಕಾಞಂಗಾಡಿನ ಆಚೆ ಇರುವ ವೈದ್ಯರೊಬ್ಬರ ವಿಳಾಸ ಸಿಗುತ್ತದೆ. ಮಧೂರು ಗಣಪತಿಗೆ ಅಪ್ಪ ಸೇವೆ ಹೇಳಿಕೊಳ್ಳಲು ಸಲಹೆ ಬರುತ್ತದೆ. ಅಪ್ಪ ಸೇವೆಗೆ ನನ್ನ ತಕರಾರಿಲ್ಲ, ಪ್ರಸಾದ ಚೆನ್ನಾಗಿರುತ್ತದೆ.

ಆದರೆ ಪ್ರಶ್ನೆ ತಲೆಯಲ್ಲೇ ಉಳಿಯುತ್ತದೆ. ಅದೇ ಮಾವ ಬಿಪಿಗೆ ಮಾತ್ರೆ ತಿನ್ನುತ್ತಾರೆ. ಅತ್ತೆಗೆ ಸಕ್ಕರೆ ಕಾಯಿಲೆ. ಅವರನ್ನು ಯಾರೂ ಹೀಗೆ ಕೇಳುವುದಿಲ್ಲ. ಅರುವತ್ತಕ್ಕೆ ಶುರುವಾದ ಮಾತ್ರೆ ಕೊನೆವರೆಗೆ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ನನ್ನದು ಹಾಗಲ್ಲ. ವಯಸ್ಸು ಕಮ್ಮಿ. ನೋಡಲಿಕ್ಕೆ ಗಟ್ಟಿಮುಟ್ಟಾಗಿದ್ದೇನೆ. ಮೇಲಿಂದ ಇದು ಸೂಜಿ, ಅದೂ ದುಬಾರಿ ಸೂಜಿ. ನೋವಿನ ಮದ್ದು ಅಂದರೆ ನೋವು ಇರುವವರೆಗೆ ಅಂತ ಲೆಕ್ಕ. ನೋವು ಹೋಗಿದೆಯಲ್ಲ, ಮತ್ತೆ ಯಾಕೆ? ಈ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ಹೇಳಲು ಕೈ ತೊಳೆಯುವ ಜಾಗದಲ್ಲಿ ಸಮಯ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾಲ್ಕು ಗಂಟೆಯ ಅಂಗಳ

ಕಾಯಿಲೆಯ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಹೆಸರು ಕೇಳಿದ ಕೂಡಲೇ "ಓ, ನನಗೂ ಕುತ್ತಿಗೆಯಲ್ಲಿ ಉಂಟು" ಎನ್ನುವವರು ತುಂಬಾ ಜನ. ಅದು ಬೇರೆ, ಮೂಳೆ ಸವೆಯುವುದು. ಇದು ಉರಿಯೂತ. ಬೆನ್ನುಮೂಳೆ ಸೊಂಟಕ್ಕೆ ಕೂಡುವ ಕೀಲಿನಲ್ಲಿ ಶುರುವಾಗಿ ಮೇಲಕ್ಕೆ ಹತ್ತುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಕೆಲವರಲ್ಲಿ ಮೂಳೆಗಳು ಒಂದಕ್ಕೊಂದು ಅಂಟಿಕೊಂಡು ಬೆನ್ನು ಬಗ್ಗುವುದೇ ನಿಲ್ಲುತ್ತದೆ. ಹೆಚ್ಚಿನವರಿಗೆ ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ ಬರುತ್ತದೆ.

ಇದರ ಒಂದು ಗುರುತು ಎಲ್ಲರಿಗೂ ಗೊತ್ತಿರಬೇಕು ಎಂದು ನನ್ನ ಹಠ. ಮಲಗಿದರೆ ನೋವು ಜಾಸ್ತಿ, ಓಡಾಡಿದರೆ ಕಮ್ಮಿ. ಸಾಮಾನ್ಯ ಸೊಂಟನೋವು ಇದಕ್ಕೆ ಉಲ್ಟಾ. ರಾತ್ರಿಯ ಎರಡನೇ ಅರ್ಧದಲ್ಲಿ ನನಗೆ ಎಚ್ಚರವಾಗುತ್ತಿತ್ತು. ಮಗ್ಗುಲು ಬದಲಿಸಲು ಮಂಚದ ಅಂಚನ್ನು ಹಿಡಿಯಬೇಕು. ಎದ್ದು ಅಂಗಳದಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಆ ಹೊತ್ತಿಗೆ ನಮ್ಮ ಗುಡ್ಡದ ಕಡೆ ಎಚ್ಚರ ಇರುವುದು ರಬ್ಬರ್ ಟ್ಯಾಪಿಂಗಿನವರು ಮಾತ್ರ. ತಲೆಗೆ ಲೈಟು ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗುತ್ತಾರೆ. ಅವರಲ್ಲಿ ಒಬ್ಬ ನನ್ನನ್ನು ನೋಡಿ ನೋಡಿ ಒಂದು ದಿನ ಬೇಲಿಯ ಆಚೆಯಿಂದಲೇ ಕೇಳಿದ, "ಎಂತ ಮಾರಾಯ್ರೇ, ದಿನಾ ಕಳ್ಳನನ್ನು ಕಾಯುವುದಾ?" ಬೆಳಿಗ್ಗೆ ಬ್ಯಾಂಕಿಗೆ ಹೋಗುವಾಗ ಸೊಂಟ ಸಡಿಲವಾಗಿರುತ್ತಿತ್ತು. ಹಾಗಾಗಿ ನೋವಿದೆ ಎಂದರೆ ಅಲ್ಲಿ ಯಾರೂ ನಂಬುತ್ತಿರಲಿಲ್ಲ.

ಪತ್ತೆಯಾಗುವ ಮೊದಲು ಏನೇನು ನಡೆಯಿತೋ ಅದು ಎಲ್ಲರ ಮನೆಯ ಕತೆ. ಡಿಸ್ಕ್ ಅಂದರು. ಬೆಲ್ಟ್ ಕಟ್ಟಿದರು. ಟ್ರಾಕ್ಷನ್ ಹಾಕಿದರು. ಕೇರಳದಲ್ಲಿ ಹುಟ್ಟಿ ಉಳಿಚ್ಚಿಲ್, ಅಂದರೆ ಎಣ್ಣೆ ತಿಕ್ಕುವುದು, ಮಾಡಿಸಿಕೊಳ್ಳದೆ ಇರಲಾಗುತ್ತದಾ? ಬಿಸಿ ಎಣ್ಣೆ, ಬಿಸಿ ನೀರು, ಒಂದೆರಡು ಗಂಟೆ ಸ್ವರ್ಗ. ಎಲ್ಲಕ್ಕಿಂತ ಕೆಟ್ಟದಾಗಿದ್ದು "ಸಂಪೂರ್ಣ ವಿಶ್ರಾಂತಿ" ಎಂಬ ಸಲಹೆ. ಕೊನೆಗೆ ಕಾಯಿಲೆಯನ್ನು ಹಿಡಿದದ್ದು ಬೆನ್ನಿನ ಡಾಕ್ಟರಲ್ಲ, ಮಂಗಳೂರಿನ ಕಣ್ಣಿನ ಡಾಕ್ಟರು. ಒಂದು ಕಣ್ಣು ಕೆಂಪಾಗಿ, ಬೆಳಕು ನೋಡಲಾಗದೆ ಅಲ್ಲಿಗೆ ಹೋಗಿದ್ದೆ. ಅವರು ಕಣ್ಣಿನೊಳಗೆ ದೀಪ ಬಿಟ್ಟು ನೋಡುತ್ತಾ, "ಬೆಳಿಗ್ಗೆ ಎದ್ದಾಗ ಬೆನ್ನು ಹಿಡಿದುಕೊಳ್ತದಾ?" ಎಂದರು. ಕಣ್ಣಿನ ಒಳಗಿನ ಉರಿಯೂತ ಈ ಕಾಯಿಲೆಯ ಜೊತೆಗೇ ಬರುವುದುಂಟು. ಅಲ್ಲಿಂದ ಕೀಲುಗಳ ಉರಿಯೂತ ನೋಡುವ ಡಾಕ್ಟರಮ್ಮ, ರುಮಟಾಲಜಿಸ್ಟ್. ರಕ್ತ ಪರೀಕ್ಷೆಯಲ್ಲಿ ಎಚ್‌ಎಲ್‌ಎ-ಬಿ27 ಎಂಬ ಜೀನ್ ಕಂಡಿತು. ಈ ಜೀನಿಗೂ ಕಾಯಿಲೆಗೂ ಇರುವ ನಂಟು ಗೊತ್ತಾದದ್ದು 1973ರಲ್ಲಿ. ಜೀನ್ ಇದ್ದ ಮಾತ್ರಕ್ಕೆ ಕಾಯಿಲೆ ಬರುತ್ತದೆ ಅಂತಿಲ್ಲ, ಇರುವವರಲ್ಲಿ ಹೆಚ್ಚಿನವರಿಗೆ ಬರುವುದೇ ಇಲ್ಲ. ಎಂಆರ್‌ಐಯಲ್ಲಿ ಸೊಂಟದ ಕೀಲುಗಳು ಉರಿಯುತ್ತಿರುವುದು ಕಂಡಿತು. ಅಲ್ಲಿಗೆ ಚರ್ಚೆ ಮುಗಿಯಿತು.

ಇಂಜೆಕ್ಷನ್ ನೇರವಾಗಿ ಬರೆದುಕೊಡುವುದಿಲ್ಲ. ಮೊದಲು ನೋವು ಮತ್ತು ಊತದ ಮಾತ್ರೆ, ಜೊತೆಗೆ ದಿನಾ ವ್ಯಾಯಾಮ. ಒಂದು ಮಾತ್ರೆ ಹಿಡಿಸದಿದ್ದರೆ ಇನ್ನೊಂದು. ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ. ನನಗೆ ಸಾಕಾಗಲಿಲ್ಲ.

ಅಜ್ಜನ ಕೋಣೆ

ಇಂಜೆಕ್ಷನಿನ ಮಾತು ಬಂದ ದಿನ ಅಮ್ಮನೂ ಜೊತೆಗಿದ್ದಳು. ಡಾಕ್ಟರಮ್ಮ ಕಾಗದ ಎಳೆದುಕೊಂಡು ಕೇಳಿದರು, "ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತಾ?" ನಾನು ತಕ್ಷಣ ಇಲ್ಲ ಎಂದೆ. ಡಾಕ್ಟರಮ್ಮ ಇಲ್ಲ ಎಂದು ಬರೆಯುವಷ್ಟರಲ್ಲಿ ಅಮ್ಮ ಸೀರೆಯ ಸೆರಗನ್ನು ಸರಿ ಮಾಡಿಕೊಂಡು, "ಮಾವನವರಿಗೆ ಇತ್ತು" ಎಂದಳು.

ನನ್ನ ಅಜ್ಜನಿಗೆ. ಅಜ್ಜ ಕೊನೆಗಾಲದಲ್ಲಿ ಚಾವಡಿಯ ಪಕ್ಕದ ಸಣ್ಣ ಕೋಣೆಯಲ್ಲಿ ಮಲಗುತ್ತಿದ್ದರು. ಅವರ ಬಟ್ಟಲು, ಲೋಟ ಬೇರೆ ಇಡುತ್ತಿದ್ದರು. ಅದು ಅವರ ಮಡಿ ಎಂದು ನಾನು ತಿಳಿದಿದ್ದೆ. ಹಾಗಂತಲೇ ನಮಗೆ ಹೇಳಿದ್ದರು ಕೂಡ. ನಾನು ಅವರ ತೊಡೆಯ ಮೇಲೆ ಕೂತು ಅಡಿಕೆ ಗುದ್ದಿ ಕೊಡುತ್ತಿದ್ದೆ. ಅಮ್ಮ ಹೇಳುತ್ತಾ ಹೋದಳು. ಕಾಸರಗೋಡಿನಿಂದ ಮಾತ್ರೆ ತರುತ್ತಿದ್ದದ್ದು, ಪೇಟೆಯಲ್ಲಿ ಗುರುತಿನವರು ಕಂಡರೆ ಪೊಟ್ಟಣವನ್ನು ಬೈರಾಸಿನಲ್ಲಿ ಸುತ್ತಿ ಬಗಲಿಗೆ ಹಾಕಿಕೊಳ್ಳುತ್ತಿದ್ದದ್ದು, ಅಜ್ಜನ ಮಗಳು, ಅಂದರೆ ನನ್ನ ಅತ್ತೆಯ ಮದುವೆ ಮಾತುಕತೆ ನಡೆಯುತ್ತಿದ್ದದ್ದರಿಂದ ಯಾರಿಗೂ ಹೇಳದೆ ಇದ್ದದ್ದು. ಅಷ್ಟು ವರ್ಷ ಮನೆಯೊಳಗೇ ಇದ್ದ ಗುಟ್ಟು ನನ್ನ ಸೊಂಟದ ನೆಪದಲ್ಲಿ ಮಂಗಳೂರಿನ ಆಸ್ಪತ್ರೆಯಲ್ಲಿ ಹೊರಗೆ ಬಿತ್ತು. ಡಾಕ್ಟರಮ್ಮ ಏನೂ ಆಶ್ಚರ್ಯ ತೋರಿಸಲಿಲ್ಲ. "ಇಲ್ಲಿ ಎಷ್ಟೋ ಮನೆಯ ಕತೆ ಇದೇ" ಎಂದು ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ ಬರೆದರು. ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಪರೀಕ್ಷೆಯನ್ನೂ ಸೇರಿಸಿದರು.

ಟಿಬಿ ರೋಗಾಣು ಒಳಗೆ ಸೇರಿದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ದೇಹ ಅದರ ಸುತ್ತ ಜೀವಕೋಶಗಳ ಗೋಡೆ ಕಟ್ಟಿ ಕೂರಿಸುತ್ತದೆ. ಹಾಗೆ ನಿದ್ರೆ ಹೋದ ರೋಗಾಣು ಇರುವವರು ನಮ್ಮ ದೇಶದಲ್ಲಿ ಕೋಟಿಗಟ್ಟಲೆ. ಆ ಗೋಡೆ ಬೀಳದಂತೆ ಹಿಡಿಯುವ ವಸ್ತುಗಳಲ್ಲಿ ದೇಹವೇ ಮಾಡುವ ಟಿಎನ್‌ಎಫ್ ಎಂಬ ಪ್ರೊಟೀನು ಕೂಡ ಒಂದು. ನನ್ನ ಬೆನ್ನಿನಲ್ಲಿ ಬೆಂಕಿ ಹಾಕುತ್ತಿದ್ದದ್ದೂ ಅದೇ ಟಿಎನ್‌ಎಫ್. ಇಂಜೆಕ್ಷನ್ ಅದನ್ನು ಹಿಡಿದು ಕಟ್ಟಿ ಹಾಕುತ್ತದೆ. ಬೆನ್ನಿಗೆ ಒಳ್ಳೆಯದೇ, ಆದರೆ ಗೋಡೆ ಸಡಿಲವಾಗುತ್ತದೆ. ಮದ್ದು ಮಾರುಕಟ್ಟೆಗೆ ಬಂದ ಮೇಲೆ, 2001ರಲ್ಲಿ, ಇದೇ ಗುಂಪಿನ ಇನ್‌ಫ್ಲಿಕ್ಸಿಮ್ಯಾಬ್ ಪಡೆದ 70 ಜನರಿಗೆ ಟಿಬಿ ಬಂದ ವರದಿ ಪ್ರಕಟವಾಯಿತು. ಅಲ್ಲಿಂದ ಇತ್ತ ಮೊದಲು ಟಿಬಿ ಪರೀಕ್ಷೆ, ಆಮೇಲೆ ಸೂಜಿ. ನನ್ನ ಪರೀಕ್ಷೆ ಪಾಸಿಟಿವ್ ಬಂತು. ಎಕ್ಸ್‌ರೇ ಚೊಕ್ಕ ಇತ್ತು. ಅಂದರೆ ಕಾಯಿಲೆ ಇಲ್ಲ, ಮಲಗಿದ ರೋಗಾಣು ಉಂಟು. ಐಸೋನಿಯಜಿಡ್ ಮಾತ್ರೆ, ಕೈಕಾಲು ಜುಮ್ಮೆನ್ನದಂತೆ ಬಿ6 ವಿಟಮಿನ್. ಅದು ಒಂದು ತಿಂಗಳು ಹೊಟ್ಟೆಗೆ ಹೋದ ಮೇಲೆಯೇ ಮೊದಲ ಇಂಜೆಕ್ಷನ್. ಇಂಜೆಕ್ಷನಿನ ಜೊತೆಗೂ ಮಾತ್ರೆ ತಿಂಗಳುಗಟ್ಟಲೆ ಮುಂದುವರಿಯಿತು.

ಅದು ಅಜ್ಜನಿಂದಲೇ ಬಂತಾ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಂದ ಬಂತಾ, ಹೇಳಲು ಆಗುವುದಿಲ್ಲ. ಅಮ್ಮ ಮಾತ್ರ ಹಿಂದಿರುಗುವಾಗ ತಲಪಾಡಿ ದಾಟುವವರೆಗೂ ಮಾತಾಡಲಿಲ್ಲ. ಮಂಜೇಶ್ವರದ ಹತ್ತಿರ, "ಅತ್ತೆಗೆ ಹೇಳ್ಬೇಡ" ಎಂದಳು. ಅತ್ತೆಗೆ ಈಗ ಮೊಮ್ಮಕ್ಕಳಿದ್ದಾರೆ!

ಮೊಸರಿನ ಪಾತ್ರೆಯ ಪಕ್ಕ

ನನಗೆ ಬರೆದದ್ದು ಅಡಾಲಿಮ್ಯುಮ್ಯಾಬ್. ಎರಡು ವಾರಕ್ಕೊಮ್ಮೆ 40 ಮಿಲಿಗ್ರಾಂ, ತೊಡೆಗೆ ಅಥವಾ ಹೊಟ್ಟೆಗೆ, ಪ್ರತಿ ಸಲ ಜಾಗ ಬದಲಿಸಿ. ಪೆನ್ನಿನ ಹಾಗಿರುತ್ತದೆ. ಫ್ರಿಜ್ಜಿನಿಂದ ಅರ್ಧ ಗಂಟೆ ಮೊದಲು ಹೊರಗಿಟ್ಟು, ಚರ್ಮಕ್ಕೆ ಒತ್ತಿ ಗುಂಡಿ ಅದುಮಿದರೆ ಆಯಿತು. ಕ್ಷಣ ಹೊತ್ತು ಕೆಂಜಿಗ ಕಚ್ಚಿದ ಹಾಗೆ ಉರಿ. ಮಾತ್ರೆ ಮಾಡಿ ಕೊಡಬಾರದಾ ಎಂದು ಅಪ್ಪ ಕೇಳಿದ್ದರು. ಇದು ಪ್ರೊಟೀನು. ನುಂಗಿದರೆ ಹೊಟ್ಟೆ ಅದನ್ನು ತೊಗರಿಬೇಳೆಯ ಜೊತೆಗೇ ಜೀರ್ಣ ಮಾಡಿಬಿಡುತ್ತದೆ.

ಈ ದಾರಿ ತೋರಿಸಿದವರಲ್ಲಿ ಒಬ್ಬರು ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ. ಲಂಡನ್ನಿನಲ್ಲಿ ಅವರು ಮತ್ತು ಮಾರ್ಕ್ ಫೆಲ್ಡ್‌ಮನ್ ಸೇರಿ 1992ರಲ್ಲಿ ಕೀಲುವಾತದ ರೋಗಿಗಳಿಗೆ ಮೊದಲ ಸಲ ಟಿಎನ್‌ಎಫ್ ತಡೆಯುವ ಮದ್ದು ಕೊಟ್ಟು ನೋಡಿದರು. 2003ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು. ಬೆನ್ನಿನ ಕಾಯಿಲೆಗೆ ಇದು ಬಂದದ್ದು ಸ್ವಲ್ಪ ತಡವಾಗಿ. ನಮ್ಮಂಥವರ ಕೈಗೆ ಎಟುಕುವಂತಾದದ್ದು 2014ರ ಡಿಸೆಂಬರಿನಲ್ಲಿ, ಝೈಡಸ್ ಕ್ಯಾಡಿಲಾ ಕಂಪನಿ ಇಲ್ಲೇ ತಯಾರಿಸಿದ ಅಡಾಲಿಮ್ಯುಮ್ಯಾಬನ್ನು ಮಾರಲು ಶುರು ಮಾಡಿದ ಮೇಲೆ. ಆಮೇಲೆ ಬೇರೆ ಕಂಪನಿಗಳೂ ಬಂದವು, ಬೆಲೆ ಇಳಿಯಿತು. ಇಳಿದರೂ ಸಂಬಳದ ದೊಡ್ಡ ಪಾಲನ್ನು ಅದೇ ತಿನ್ನುತ್ತದೆ. ನನ್ನ ಇನ್ಶೂರೆನ್ಸ್ ಕಂಪನಿಯ ಪ್ರಕಾರ ಮನೆಯಲ್ಲಿ ಕೂತು ತೊಡೆಗೆ ಚುಚ್ಚಿಕೊಂಡರೆ ಅದು ಚಿಕಿತ್ಸೆಯಲ್ಲ. ಆಸ್ಪತ್ರೆಯ ಮಂಚದಲ್ಲಿ ಮಲಗಬೇಕಂತೆ. ಮಲಗಿದರೆ ನೋವು ಹೆಚ್ಚಾಗುವ ಕಾಯಿಲೆಗೆ!

ಪೆಟ್ಟಿಗೆಯೊಳಗಿನ ಹಾಳೆಯನ್ನು ನಾನು ಜೋರಾಗಿ ಓದಿದ್ದೇ ಅಮ್ಮನಿಗೆ ಹೊಸ ಚಿಂತೆ ಹತ್ತಿತು. ಚೀನಾದ ಹ್ಯಾಮ್‌ಸ್ಟರಿನ ಅಂಡಾಶಯದ ಜೀವಕೋಶಗಳಲ್ಲಿ ಮಾಡಿದ್ದು ಎಂದು ಬರೆದಿತ್ತು. "ಹಾಗಂದ್ರೆ ಎಂತ?" "ಇಲಿಯ ಜಾತಿಯದ್ದು." "ಇಲಿಯಾ?" 1957ರಲ್ಲಿ ಒಂದೇ ಒಂದು ಹೆಣ್ಣು ಹ್ಯಾಮ್‌ಸ್ಟರಿನಿಂದ ತೆಗೆದ ಜೀವಕೋಶಗಳು ಅವು, ಅಲ್ಲಿಂದ ಇಲ್ಲಿವರೆಗೆ ಪಾತ್ರೆಗಳಲ್ಲಿ ಬೆಳೆಸುತ್ತಲೇ ಇದ್ದಾರೆ, ಈಗ ಯಾರೂ ಇಲಿ ಕೊಲ್ಲುವುದಿಲ್ಲ ಎಂದು ವಿವರಿಸಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಗಣಪತಿಯ ವಾಹನ ಅಲ್ವಾ, ತೊಂದರೆ ಇಲ್ಲ" ಎಂದಳು. ಪೆಟ್ಟಿಗೆಗೆ ಮೊಸರಿನ ಪಾತ್ರೆಯ ಪಕ್ಕ ಜಾಗ ಸಿಕ್ಕಿತು.

ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಬೀಸಿದರೆ ಕರೆಂಟು ಹೋಗುತ್ತದೆ. ಅಡಿಕೆ ಮರ ತಂತಿಯ ಮೇಲೆ ಬಿದ್ದರೆ ಒಂದೆರಡು ದಿನ ಬರುವುದೂ ಇಲ್ಲ. ಮದ್ದು 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಒಂದು ಜುಲೈಯಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ನಾನು ಬ್ಯಾಂಕಿನಲ್ಲಿದ್ದೆ. ತಂಪು ಜಾಸ್ತಿ ಇದ್ದಷ್ಟು ಒಳ್ಳೆಯದು ಎಂದುಕೊಂಡು ಅಮ್ಮ ಪೆನ್ನುಗಳನ್ನು ಫ್ರೀಜರಿನಲ್ಲಿ, ಐಸ್ ಟ್ರೇಯ ಕೆಳಗೆ ಇಟ್ಟಳು. ಸಂಜೆ ಬಂದು ನೋಡಿದರೆ ಪೆನ್ನಿನ ಸಣ್ಣ ಕಿಟಕಿಯಲ್ಲಿ ಮದ್ದು ಬೆಳ್ಳಗೆ ಗಟ್ಟಿಯಾಗಿತ್ತು. ಒಮ್ಮೆ ಹೆಪ್ಪುಗಟ್ಟಿದ ಪ್ರೊಟೀನು ಕರಗಿದರೂ ಮೊದಲಿನಂತೆ ಆಗುವುದಿಲ್ಲ, ಎಸೆಯಬೇಕು. ಬೆಲೆ ಅಮ್ಮನಿಗೆ ಹೇಳಬಾರದು ಎಂದುಕೊಂಡೆ. ಅಪ್ಪ ಹೇಳಿಬಿಟ್ಟರು. ಆ ರಾತ್ರಿ ಅಮ್ಮ ಊಟ ಮಾಡಲಿಲ್ಲ. ಈಗ ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆಗೆಯಲು ಮನೆಯಲ್ಲಿ ಯಾರಿಗೂ ಬಿಡುವುದಿಲ್ಲ ಅವಳು. ಬಾಗಿಲು ಮುಚ್ಚಿದ್ದರೆ ತಂಪು ಎಷ್ಟೋ ಹೊತ್ತು ಉಳಿಯುತ್ತದೆ ಎಂದು ಅವಳೇ ಕಂಡುಕೊಂಡಿದ್ದಾಳೆ. ಮಜ್ಜಿಗೆ ಬೇಕಾದರೆ ಕರೆಂಟು ಬರುವವರೆಗೆ ಕಾಯಬೇಕು.

ಮದ್ದು ಕೆಲಸ ಮಾಡಿತಾ? ಮಾಡಿತು. ಎಲ್ಲರಿಗೂ ಮಾಡುವುದಿಲ್ಲ. ಒಂದು ಸೋತರೆ ಸೆಕುಕಿನ್ಯುಮ್ಯಾಬಿನಂಥ ಬೇರೆ ದಾರಿಯ ಮದ್ದುಗಳಿವೆ. ಟೋಫಾಸಿಟಿನಿಬ್ ಎಂಬ ಮಾತ್ರೆಯೂ ಬಂದಿದೆ. ಕೆಲವರಲ್ಲಿ ದೇಹವೇ ಮದ್ದಿನ ವಿರುದ್ಧ ತಿರುಗಿ, ನಡೆಯುತ್ತಿದ್ದ ಮದ್ದು ನಿಲ್ಲುತ್ತದೆ. ನನ್ನ ಅದೃಷ್ಟಕ್ಕೆ ಮೊದಲನೆಯದೇ ಹಿಡಿಸಿತು. ಬೆಳಿಗ್ಗೆವರೆಗೆ ನಿದ್ರೆ ಬರಲು ಶುರುವಾಯಿತು. ಟ್ಯಾಪಿಂಗಿನವನು ಅಪ್ಪನನ್ನು ಕೇಳಿದನಂತೆ, "ಮಗ ಊರಲ್ಲಿಲ್ವಾ?" ಎಂದು.

ಗಡಿ ಮುಚ್ಚಿದಾಗ

ನಿಲ್ಲಿಸಿದರೆ ಏನಾಗುತ್ತದೆ ಎಂದು ನೋಡುವ ಧೈರ್ಯ ನನಗಿರಲಿಲ್ಲ. 2020ರ ಮಾರ್ಚ್ ಅದನ್ನು ಮಾಡಿ ತೋರಿಸಿತು. ಕೋವಿಡ್ ಬಂದು ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿತು. ಒಳದಾರಿಗಳ ಮೇಲೆ ಮಣ್ಣಿನ ರಾಶಿ ಬಿತ್ತು. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಹೆರಿಗೆಗೂ ಹಾರ್ಟಿಗೂ ಡಯಾಲಿಸಿಸ್ಸಿಗೂ ಅದೇ. ಗಡಿ ದಾಟಲಾಗದೆ ಜೀವ ಬಿಟ್ಟವರಿದ್ದಾರೆ. ವಿಷಯ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಅವರ ಮುಂದೆ ನನ್ನ ಸೊಂಟ ಯಾವ ಲೆಕ್ಕ? ಆದರೂ ನನ್ನ ಪೆನ್ನುಗಳು ಗಡಿಯ ಆಚೆ ಇದ್ದವು.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಜ್ವರ, ಕೆಮ್ಮು ಇಲ್ಲದಿದ್ದರೆ ಕೋವಿಡ್ ಹೆದರಿಕೆಗೆ ಸುಮ್ನೆ ಮದ್ದು ಬಿಡಬೇಡಿ ಎಂದರು. ಮದ್ದೇ ಇಲ್ಲವಲ್ಲ. ಮೊದಲ ಡೋಸ್ ತಪ್ಪಿದಾಗ ಏನೂ ಆಗಲಿಲ್ಲ. ಇಷ್ಟು ದಿನ ಸುಮ್ಮನೆ ದುಡ್ಡು ಸುರಿದೆನಾ ಎಂದೂ ಅನಿಸಿತು. ಎರಡನೆಯದು ತಪ್ಪಿದ ಮೇಲೆ ಬೆಳಿಗ್ಗೆ ಸ್ವಲ್ಪ ಬಿಗಿತ. ಆಮೇಲೆ ಒಂದು ರಾತ್ರಿ ಎಚ್ಚರವಾಯಿತು, ಮಂಚದ ಅಂಚಿಗೆ ಕೈ ಹೋಯಿತು. ನೋವು ಎಲ್ಲಿಗೂ ಹೋಗಿರಲಿಲ್ಲ. ಪುನಃ ಅಂಗಳ, ಪುನಃ ನಾಲ್ಕು ಗಂಟೆ. ಆಗ ಕೇರಳದಲ್ಲಿ ಅಗ್ನಿಶಾಮಕ ದಳದವರು ಮನೆಮನೆಗೆ ಔಷಧಿ ತಲುಪಿಸುತ್ತಿದ್ದರು. ಕೋಝಿಕ್ಕೋಡಿನ ಒಂದು ಅಂಗಡಿಯಿಂದ ಅವರ ಕೈಯಲ್ಲಿ ನನ್ನ ಪೆನ್ನೂ ಬಂತು, ಥರ್ಮೋಕೋಲ್ ಡಬ್ಬಿಯಲ್ಲಿ, ಐಸಿನ ಜೊತೆ. ಮನೆಯೆದುರು ಕೆಂಪು ಜೀಪು ನಿಂತದ್ದು ನೋಡಿ ಪಕ್ಕದ ಮನೆಯವರು ತೋಟಕ್ಕೆ ಬೆಂಕಿ ಬಿತ್ತೆಂದು ಓಡಿ ಬಂದಿದ್ದರು.

ಅಪ್ಪನ ಲೆಕ್ಕ

ಕಳೆದ ಮೇ ತಿಂಗಳಲ್ಲಿ ಅಪ್ಪನ ಜೊತೆ ಈ ಮಾತು ಬಂತು. ಅಡಿಕೆ ಮರಗಳಿಗೆ ಮದ್ದು ಬಿಡುವವರು ಬಂದಿದ್ದರು. ಅಂಗಳದಲ್ಲಿ ಡ್ರಮ್ಮು, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. "ಹೋದ ವರ್ಷ ಕೊಳೆರೋಗ ಬರಲಿಲ್ಲ ಅಲ್ವಾ ಅಪ್ಪ? ಹಾಗಂತ ಈ ವರ್ಷ ಮದ್ದು ಬಿಡದೆ ಇರ್ತೇವಾ? ನನ್ನದೂ ಹಾಗೇ" ಎಂದೆ. ಇಷ್ಟು ಒಳ್ಳೆಯ ಉಪಮೆಗೆ ಅಪ್ಪ ತಲೆದೂಗುತ್ತಾರೆ ಎಂದುಕೊಂಡಿದ್ದೆ. ಅಪ್ಪ ಕೋಲಿನಲ್ಲಿ ಸುಣ್ಣ ಕಲಕುತ್ತಾ, "ಅಡಿಕೆ ಮಾರಿದರೆ ಮದ್ದಿನ ದುಡ್ಡು ವಾಪಸ್ ಬರ್ತದೆ. ನಿನ್ನ ಸೊಂಟ ಮಾರ್ಲಿಕ್ಕೆ ಆಗ್ತದಾ?" ಎಂದರು. ಮದ್ದು ಬಿಡುವವರು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು ಅಪ್ಪನೇ ಹೇಳಿದರು, "ಎರಡನೇ ಸಲ ಬಿಡುವುದನ್ನು ನಾವು ಮಳೆ ನೋಡಿ ಮುಂದೆ ಹಾಕ್ತೇವೆ. ಹಾಗೆ ಆಗ್ತದಾ ಕೇಳು ಡಾಕ್ಟ್ರತ್ರ."

ಕೇಳಿದೆ. ಇಷ್ಟು ವರ್ಷ ಎಲ್ಲರೂ ಕೇಳಿದ್ದಕ್ಕಿಂತ ಅಪ್ಪನ ಪ್ರಶ್ನೆ ಚೆನ್ನಾಗಿತ್ತು ಎಂದು ಡಾಕ್ಟರಮ್ಮ ಉತ್ತರ ಕೊಟ್ಟಾಗ ಗೊತ್ತಾಯಿತು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಹೇಳಿದರು. ಸರ್ಟೊಲಿಜುಮ್ಯಾಬ್ ಎಂಬ, ನನ್ನದರದ್ದೇ ಗುಂಪಿನ ಮದ್ದು. ಕಾಯಿಲೆ ಪೂರ್ತಿ ಹಿಡಿತಕ್ಕೆ ಬಂದವರನ್ನು ಮೂರು ಗುಂಪು ಮಾಡಿ 48 ವಾರ ನೋಡಿದರು. ಮದ್ದನ್ನು ಪೂರ್ತಿ ಮುಂದುವರಿಸಿದವರಲ್ಲಿ ನೂರಕ್ಕೆ 84 ಜನರಿಗೆ ಕಾಯಿಲೆ ಮರಳಲಿಲ್ಲ. ಅರ್ಧಕ್ಕೆ ಇಳಿಸಿದವರಲ್ಲಿ 79. ನಿಲ್ಲಿಸಿದವರಲ್ಲಿ ಬರೀ 20. ಈ ಮೂರು ಅಂಕಿ ಕೇಳಿದ ಮೇಲೆ ನನ್ನ ತಲೆ ಹಗುರವಾಯಿತು. ನಿಲ್ಲಿಸುವುದಾ ಬೇಡವಾ ಎಂದು ಇಷ್ಟು ದಿನ ಒದ್ದಾಡಿದ್ದೆ. ಎಷ್ಟು ಕಮ್ಮಿ ಮಾಡಿದರೂ ಸಾಕಾಗುತ್ತದೆ ಎಂದು ನೋಡುವುದು ಬೇರೆಯೇ ಕೆಲಸ, ಅದು ಮಾಡಬಹುದಾದ ಕೆಲಸ. ರಕ್ತದಲ್ಲಿ ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿ ತುಂಬಾ ಸಮಯದಿಂದ ಸರಿಯಾಗಿ ಇರುವುದರಿಂದ ನನಗೂ ಅಂತರ ಹೆಚ್ಚಿಸಿ ನೋಡಬಹುದು ಎಂದರು. ಷರತ್ತುಗಳಿವೆ. ಬೆಳಗಿನ ಬಿಗಿತ ಅರ್ಧ ಗಂಟೆ ದಾಟಿದರೆ ಫೋನ್ ಮಾಡಬೇಕು, ಇಂಜೆಕ್ಷನ್ ಪುನಃ ಎರಡು ವಾರಕ್ಕೊಮ್ಮೆ. ಕಣ್ಣು ಕೆಂಪಾದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ. ವ್ಯಾಯಾಮ ತಪ್ಪಿಸುವ ಹಾಗಿಲ್ಲ. ನನ್ನ ಕುತ್ತಿಗೆ ಎಡಕ್ಕೆ ಪೂರ್ತಿ ತಿರುಗುವುದಿಲ್ಲ, ಸ್ಕೂಟರಿನಲ್ಲಿ ಕನ್ನಡಿಯನ್ನೇ ನಂಬಬೇಕು. ಅಂಟಿದ ಮೂಳೆಯನ್ನು ಈ ಮದ್ದು ಬಿಡಿಸುವುದಿಲ್ಲ. ಮದ್ದು ತಡವಾಗಿ ಬಂತು ಎನ್ನುವ ಬೇಸರ ನನಗೆ ಮದ್ದು ಮುಗಿಯುವುದಿಲ್ಲ ಎನ್ನುವುದಕ್ಕಿಂತ ಜಾಸ್ತಿ ಉಂಟು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ, ಇನ್ನು ಮೂರು ವಾರಕ್ಕೊಂದು. ಅಪ್ಪ ಬೆರಳು ಮಡಚಿದರು. ವರ್ಷಕ್ಕೆ 26 ಇದ್ದದ್ದು 17 ಆಗುತ್ತದೆ. ಉಳಿಯುವ ಪೆನ್ನುಗಳನ್ನು ಬೆಲೆಯಿಂದ ಗುಣಿಸಿದರು, ಎರಡು ಸಲ ಗುಣಿಸಿದರು. "ಆಯ್ತಲ್ಲ, ಈ ವರ್ಷದ ಮೈಲುತುತ್ತು ಅದರಲ್ಲೇ ಬಂತು" ಎಂದು ಎದ್ದು ತೋಟಕ್ಕೆ ಹೋದರು.